ಅಳಿಸಿದ್ದೂ ಉಳಿಯುವ ಪೋರ್ಟ್‌ಫೋಲಿಯೊ: ಗಿಟ್‌ಹಬ್‌ನಲ್ಲಿ ನನ್ನ ಪಾಠಯೋಜನೆಗಳು

ಅಭ್ಯಾಸ ಬೋಧನೆ ಮುಗಿಯುತ್ತಿದ್ದಂತೆ ನಾವೆಲ್ಲ ಪಾಠಯೋಜನೆಗಳನ್ನು ಶುದ್ಧಪ್ರತಿ ಮಾಡಿ ಒಪ್ಪಿಸುತ್ತೇವೆ. ಕೆಂಪು ಶಾಯಿಯ ತಿದ್ದುಪಡಿಗಳಿದ್ದ ಹಾಳೆಗಳು ಅಷ್ಟರಲ್ಲಿ ರದ್ದಿಗೆ ಸೇರಿರುತ್ತವೆ. ಎಲ್ಲಿ ಎಡವಿದೆವು, ಹೇಗೆ ಸರಿಪಡಿಸಿಕೊಂಡೆವು ಎಂಬುದೆಲ್ಲ ಇದ್ದದ್ದು ಆ ಹಾಳೆಗಳಲ್ಲೇ. ಈ ಸಲ ನನ್ನ ಪೋರ್ಟ್‌ಫೋಲಿಯೊವನ್ನು ಪುಟ್ಟ ಜಾಲತಾಣವಾಗಿ ಪ್ರಕಟಿಸಲು ಗಿಟ್ ಬಳಸಿದ್ದು ಅದಕ್ಕಾಗಿಯೇ.

ಗಿಟ್ ಒಂದು ಆವೃತ್ತಿ ನಿಯಂತ್ರಣ ತಂತ್ರಾಂಶ. ಲಿನಕ್ಸ್ ಕರ್ನಲ್‌ನ ಕೆಲಸಕ್ಕೆಂದು ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಇದನ್ನು ಬರೆದರು. ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ತಪ್ಪು ಅಳತೆಯನ್ನು ರಬ್ಬರಿನಿಂದ ಒರೆಸಬಾರದು, ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು ಎಂದು ಬಿಎಸ್ಸಿಯಲ್ಲಿ ಹೇಳಿಕೊಟ್ಟಿದ್ದರಲ್ಲ, ಗಿಟ್ ಮಾಡುವುದೂ ಅದನ್ನೇ. ನಾವು ಬದಲಾವಣೆಯನ್ನು ಉಳಿಸಿದಾಗಲೆಲ್ಲ ದಿನಾಂಕದೊಂದಿಗೆ ಒಂದು ದಾಖಲೆ ಸೇರುತ್ತದೆ. ಅದಕ್ಕೆ ಕಮಿಟ್ ಎನ್ನುತ್ತಾರೆ. ಗಿಟ್‌ಹಬ್ ಎಂಬುದು ಇಂಥ ದಾಖಲೆಗಳನ್ನು ಅಂತರ್ಜಾಲದಲ್ಲಿ ಇಡುವ ಜಾಗ.

ಇಷ್ಟು ಕೆಲಸಕ್ಕೆ ಯಾವ ತಂತ್ರಾಂಶವನ್ನೂ ಹಾಕಿಕೊಳ್ಳಬೇಕಿಲ್ಲ, ಬ್ರೌಸರ್ ಸಾಕು. ಗಿಟ್‌ಹಬ್‌ನಲ್ಲಿ ಖಾತೆ ತೆರೆಯಿರಿ. ಬಳಕೆದಾರ ಹೆಸರೇ ಮುಂದೆ ತಾಣದ ವಿಳಾಸವಾಗುವುದರಿಂದ ಯೋಚಿಸಿ ಆರಿಸಿ. ನಂತರ ಹೊಸ ರೆಪಾಸಿಟರಿ ಮಾಡಿ, ಅದಕ್ಕೆ ನಿಮ್ಮ ಬಳಕೆದಾರ ಹೆಸರಿನ ಮುಂದೆ ‘ಡಾಟ್ ಗಿಟ್‌ಹಬ್ ಡಾಟ್ ಐಓ’ ಸೇರಿಸಿದ ಹೆಸರನ್ನೇ ಕೊಡಿ. ಉಚಿತ ಖಾತೆಯಲ್ಲಿ ತಾಣ ಪ್ರಕಟವಾಗಬೇಕಾದರೆ ಅದು ಪಬ್ಲಿಕ್ ಆಗಿರಲೇಬೇಕು. ‘ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್’ ಎಂಬ ಕಡತ ಸೇರಿಸಿ ಕಮಿಟ್ ಮಾಡಿ, ಸೆಟ್ಟಿಂಗ್ಸ್‌ನ ಪೇಜಸ್ ವಿಭಾಗದಲ್ಲಿ ಮೇನ್ ಶಾಖೆ ಆಯ್ಕೆಯಾಗಿದೆಯೇ ನೋಡಿ. ಕೆಲವು ನಿಮಿಷಗಳಲ್ಲಿ ಪುಟ ಕಾಣಿಸುತ್ತದೆ. ಎಚ್‌ಟಿಎಂಎಲ್ ಬಾರದವರು ಆ ಕಡತದ ಬದಲು ರೀಡ್‌ಮಿ ಕಡತದಲ್ಲಿ ಬರೆದರೂ ಅದೇ ಮುಖಪುಟವಾಗುತ್ತದೆ. ಕಡತದ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಎಂಬುದು ನೆನಪಿರಲಿ. ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುತ್ತಿದ್ದ ಮಸೂರದ ಚಿತ್ರ ತಾಣದಲ್ಲಿ ಕಾಣದೆ ಒಂದಿಡೀ ಸಂಜೆ ಹೋಯಿತು!

ಕಮಿಟ್ ಮಾಡುವಾಗ ಏನು ಬದಲಿಸಿದಿರಿ ಎಂದು ಒಂದು ಸಾಲು ಬರೆಯಲು ಜಾಗವಿರುತ್ತದೆ. ಕನ್ನಡದಲ್ಲೇ ಬರೆಯಬಹುದು. ಹತ್ತನೇ ತರಗತಿಯ ಪೀನ ಮಸೂರದ ಪಾಠಕ್ಕೆ ನನ್ನ ಮೊದಲ ಯೋಜನೆ ಸಂಗಮ ದೂರದ ವ್ಯಾಖ್ಯೆಯಿಂದ ಶುರುವಾಗಿತ್ತು. ತರಗತಿ ಮೌನವಾಗಿ ಬರೆದುಕೊಂಡಿತು, ಅಷ್ಟೇ. ಮರುದಿನದ ಕಮಿಟ್‌ನಲ್ಲಿ ಹೀಗಿದೆ: ‘ವ್ಯಾಖ್ಯೆ ಕೊನೆಗೆ. ಮೊದಲು ಕಿಟಕಿಯ ಆಚಿನ ಮರದ ಬಿಂಬವನ್ನು ಹಾಳೆಯ ಮೇಲೆ ಹಿಡಿಯುವುದು.’ ಹಿಸ್ಟರಿ ತೆರೆದರೆ ತೆಗೆದ ಸಾಲು ಕೆಂಪಿನಲ್ಲಿ, ಸೇರಿಸಿದ್ದು ಹಸಿರಿನಲ್ಲಿ ಕಾಣುತ್ತದೆ. ಬೋಧಕರು ಮೌಲ್ಯಮಾಪನದಲ್ಲಿ ನೋಡಬೇಕಾದದ್ದು ಅಂದವಾದ ಮುಖಪುಟಕ್ಕಿಂತ ಇದನ್ನೇ ಎಂದು ನನಗನಿಸುತ್ತದೆ.

ಆದರೆ ಇದೇ ಗುಣ ನನ್ನನ್ನು ಪೇಚಿಗೂ ಸಿಲುಕಿಸಿತು. ಆ ಪ್ರಯೋಗ ಮಾಡುತ್ತಿದ್ದ ಮಕ್ಕಳ ಫೋಟೊವೊಂದನ್ನು ಹಾಕಿದ್ದೆ. ಮುಖಗಳಿದ್ದವು, ಒಂದು ನೋಟ್‌ಬುಕ್ಕಿನ ಲೇಬಲ್ ಮೇಲೆ ಹೆಸರೂ ಇತ್ತು. ಮಾರ್ಗದರ್ಶಕ ಮೇಡಂ ನೋಡಿ, “ಇವರ ಮನೆಯವರನ್ನು ಕೇಳಿದ್ದೀರಾ?” ಎಂದರು. ಕೇಳಿರಲಿಲ್ಲ. ಕೂಡಲೇ ಅಳಿಸಿದೆ. ಪುಟದಿಂದ ಫೋಟೊ ಹೋಯಿತು. ಹಿಸ್ಟರಿಯಲ್ಲಿ ಹಳೆಯ ಕಮಿಟ್ ಒತ್ತಿದರೆ ಹಾಗೆಯೇ ಇತ್ತು, ರೆಪಾಸಿಟರಿ ಪಬ್ಲಿಕ್ ಆದ್ದರಿಂದ ಯಾರಿಗೆ ಬೇಕಾದರೂ.

ಹಿಸ್ಟರಿಯಿಂದ ಒಂದೇ ಕಡತವನ್ನು ತೆಗೆಯುವ ಸಾಧನಗಳಿವೆ, ಆದರೆ ಹೊಸಬರಿಗೆ ಅವು ಸುಲಭವಲ್ಲ. ನಾನು ಇಡೀ ರೆಪಾಸಿಟರಿಯನ್ನೇ ಅಳಿಸಿ ಮತ್ತೆ ಶುರು ಮಾಡಿದೆ. ಫೋಟೊದ ಜೊತೆಗೆ, ಮೇಲೆ ಇಷ್ಟು ಹೊಗಳಿದ ಆ ಕಮಿಟ್‌ಗಳೂ ಹೋದವು. ಈಗ ನನ್ನ ಬಳಿ ಉಳಿದಿರುವುದು ಆ ಪರದೆಯ ಚಿತ್ರವೊಂದೇ. ಹಳೆಯ ಆವೃತ್ತಿಗಳನ್ನು ಒಂದೊಂದಾಗಿ ಮತ್ತೆ ಸೇರಿಸಬಹುದಿತ್ತು, ಆದರೆ ಅದು ಶುದ್ಧಪ್ರತಿಯ ಇನ್ನೊಂದು ರೂಪವಾಗುತ್ತಿತ್ತು. ಬಿಟ್ಟೆ. ಅಷ್ಟರೊಳಗೆ ಯಾರಾದರೂ ಪ್ರತಿ ಮಾಡಿಕೊಂಡಿದ್ದರೆ ಅದು ನನ್ನ ಕೈಯಲ್ಲಿಲ್ಲ.

ಈಗ ಫೋಟೊದಲ್ಲಿ ಕೈ, ಮಸೂರ, ಹಾಳೆ ಮಾತ್ರ. ಅಂಕಪಟ್ಟಿ, ಹಾಜರಿಯ ಪುಟ, ಹೆಸರಿರುವ ಉತ್ತರಪತ್ರಿಕೆ ಯಾವುದನ್ನೂ ಆ ಫೋಲ್ಡರಿನೊಳಗೇ ಇಡುವುದಿಲ್ಲ. ಅಂದಹಾಗೆ, ನಮ್ಮ ಇಮೇಲ್ ವಿಳಾಸವೂ ಕಮಿಟ್‌ನೊಂದಿಗೆ ದಾಖಲಾಗಬಹುದು. ಮೊದಲ ಕಮಿಟ್‌ಗೆ ಮುಂಚೆಯೇ ಸೆಟ್ಟಿಂಗ್ಸ್‌ನ ಇಮೇಲ್ಸ್ ವಿಭಾಗದಲ್ಲಿ ಅದನ್ನು ಗುಟ್ಟಾಗಿಡುವ ಆಯ್ಕೆಗೆ ಗುರುತು ಹಾಕಿಬಿಡಿ.