ಔಷಧಿ ಉಳಿಕೆ ಪತ್ತೆಗೆ ಬೆಳ್ಳಿ ಲೇಪಿತ ಪಟ್ಟಿ

ದ್ರಾಕ್ಷಿ, ಟೊಮೆಟೊ, ಮೆಣಸಿನಕಾಯಿಗೆ ಸಿಂಪಡಿಸಿದ ಔಷಧಿ ಕೊಯ್ಲಿನ ವೇಳೆಗೂ ಸ್ವಲ್ಪ ಉಳಿದಿರಬಹುದು. ಉಳಿಕೆ ಮಿತಿ ಮೀರಿದರೆ ತಿನ್ನುವವರ ಆರೋಗ್ಯಕ್ಕೂ ಬೆಳೆದವರ ಆದಾಯಕ್ಕೂ ಹಾನಿ. 2010ರಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಉಳಿಕೆಯಿಂದಾಗಿ ಭಾರತದ ದ್ರಾಕ್ಷಿಗೆ ಯುರೋಪಿನಲ್ಲಿ ತಡೆಯುಂಟಾಯಿತು. ಉಳಿಕೆ ಅಳೆಯುವ ಕ್ರೊಮಟೋಗ್ರಫಿ ವಿಧಾನ ನಂಬಲರ್ಹವಾದರೂ ಅದಕ್ಕೆ ಸಮಯ, ಹಣ ಹೆಚ್ಚು ಬೇಕು. ಆದ್ದರಿಂದ ಸ್ಥಳದಲ್ಲಿಯೇ ಬೇಗ ತಪಾಸಣೆ ಮಾಡುವ ವಿಧಾನಗಳ ಬಗೆಗೆ ಸಂಶೋಧನೆ ನಡೆದಿದೆ. ಅವುಗಳಲ್ಲಿ ರಾಮನ್ ಪರಿಣಾಮವನ್ನು ಆಧರಿಸಿದ ವಿಧಾನ ಒಂದು.

ವಿಧಾನದ ತತ್ವ

ವಸ್ತುವಿನ ಮೇಲೆ ಬಿದ್ದು ಚದುರುವ ಬೆಳಕಿನ ಅತ್ಯಲ್ಪ ಭಾಗ ತನ್ನ ಬಣ್ಣ ಬದಲಿಸುತ್ತದೆ. ಈ ಬದಲಾವಣೆ ಹೆಬ್ಬೆಟ್ಟಿನ ಗುರುತಿನಂತೆ ಒಂದೊಂದು ರಾಸಾಯನಿಕಕ್ಕೂ ಬೇರೆ ಬೇರೆ. 1928ರಲ್ಲಿ ಸರ್ ಸಿ.ವಿ. ರಾಮನ್ ಕಂಡುಹಿಡಿದ ಪರಿಣಾಮವಿದು. ಆದರೆ ಈ ಬೆಳಕು ಬಹಳ ಕ್ಷೀಣ. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದಲ್ಲಿ, ಒರಟು ಮಾಡಿದ ಬೆಳ್ಳಿಗೆ ಅಂಟಿದ ಪಿರಿಡೀನ್ ಪ್ರಬಲ ಸಂಕೇತ ನೀಡಿತು. ಹೆಚ್ಚಳ ಲಕ್ಷ ಪಟ್ಟಿಗೂ ಮೀರಬಲ್ಲದೆಂದು 1977ರಲ್ಲಿ ತಿಳಿದುಬಂದಿತು. ಈಗ ಕಾಗದ, ಗಾಜು ಅಥವಾ ಸಿಲಿಕಾನ್ ಮೇಲೆ ಬೆಳ್ಳಿ ಇಲ್ಲವೆ ಚಿನ್ನದ ಅತಿ ಸೂಕ್ಷ್ಮ ಕಣಗಳನ್ನು ಕೂರಿಸಿ ಪಟ್ಟಿ ತಯಾರಿಸುತ್ತಾರೆ.

ಪಟ್ಟಿಯ ಪರೀಕ್ಷೆ

1. ಸಮಾನತೆ: ಒಂದೇ ಪಟ್ಟಿಯ ಹಲವು ಜಾಗಗಳಲ್ಲಿ, ಬೇರೆ ಬೇರೆ ಸಲ ತಯಾರಿಸಿದ ಪಟ್ಟಿಗಳಲ್ಲಿ ಒಂದೇ ದ್ರಾವಣ ಹೆಚ್ಚುಕಡಿಮೆ ಒಂದೇ ಅಳತೆ ತೋರಬೇಕು. ಕಣಗಳ ನಡುವಿನ ಸಂದು ಬದಲಾದರೆ ಸಂಕೇತವೂ ಬದಲಾಗುತ್ತದೆ.

2. ಬಾಳಿಕೆ: ಬೆಳ್ಳಿ ಗಾಳಿಗೆ ಕಪ್ಪಾಗಿ ಗುಣ ಕಳೆದುಕೊಳ್ಳುತ್ತದೆ. ಚಿನ್ನ ಬಾಳುತ್ತದೆ, ಬೆಲೆ ಹೆಚ್ಚು. ಆದ್ದರಿಂದ ಕೆಲವು ವಾರ ಇಟ್ಟ ಪಟ್ಟಿಯನ್ನೂ ಪರೀಕ್ಷಿಸಬೇಕು.

3. ನಿಜವಾದ ಮಾದರಿ: ಬೀಜೋಪಚಾರಕ್ಕೆ ಹೆಸರಾದ ಥೈರಾಮ್ ತನ್ನಲ್ಲಿರುವ ಗಂಧಕದಿಂದ ಬೆಳ್ಳಿಗೆ ಗಟ್ಟಿಯಾಗಿ ಅಂಟುತ್ತದೆ, ಶುದ್ಧ ನೀರಿನಲ್ಲಿ ಸುಲಭವಾಗಿ ಪತ್ತೆಯಾಗುತ್ತದೆ. ಎಲ್ಲ ಔಷಧಿಗಳೂ ಹೀಗೆ ಅಂಟುವುದಿಲ್ಲ. ಹಣ್ಣಿನ ಸಕ್ಕರೆ, ಬಣ್ಣ, ಮೇಣಗಳೂ ಅಡ್ಡಿಯಾಗಬಹುದು. ಆದುದರಿಂದ ಔಷಧಿ ಸಿಂಪಡಿಸದ ಹಣ್ಣಿನ ರಸಕ್ಕೆ ಗೊತ್ತಾದ ಪ್ರಮಾಣದ ಔಷಧಿ ಬೆರೆಸಿ ಅಳೆಯಬೇಕು; ಬೆರೆಸದ ರಸವನ್ನೂ ಹೋಲಿಕೆಗಾಗಿ ಅಳೆಯಬೇಕು.

ಗಮನಿಸಬೇಕಾದ ಅಂಶಗಳು

ಪಟ್ಟಿಯಲ್ಲಿ ಸಂಕೇತ ಕಾಣದಿದ್ದರೆ ಔಷಧಿಯೇ ಇಲ್ಲವೆಂದು ಅರ್ಥವಲ್ಲ. ಹಾಗೆಯೇ ಒಂದೇ ಅಳತೆಯ ಆಧಾರದಿಂದ ಫಸಲನ್ನು ತಿರಸ್ಕರಿಸುವುದೂ ಸರಿಯಲ್ಲ, ಕ್ರೊಮಟೋಗ್ರಫಿಯಿಂದ ಖಚಿತಪಡಿಸಿಕೊಳ್ಳಬೇಕು. ಪಟ್ಟಿಯನ್ನು ಯಾವ ಬೆಳೆ, ಯಾವ ಔಷಧಿಗೆ ಪರೀಕ್ಷಿಸಲಾಗಿದೆಯೆಂದು ವಿಸ್ತರಣಾ ಕಾರ್ಯಕರ್ತರು ಮೊದಲು ವಿಚಾರಿಸುವುದು ಅಗತ್ಯ. ರೈತರು ಸಿಂಪಡಿಸಿದ ಔಷಧಿ, ಪ್ರಮಾಣ, ದಿನಾಂಕ ಬರೆದಿಟ್ಟು, ಡಬ್ಬಿಯ ಚೀಟಿಯಲ್ಲಿ ಸೂಚಿಸಿದಷ್ಟು ದಿನ ಕಳೆದ ಮೇಲೆಯೇ ಕೊಯ್ಲು ಮಾಡಬೇಕು.