ವದಂತಿಯೂ ಆಕರವೂ: ವಿಡಿಯೋ ಆಟದ ಉದ್ಯಮದಲ್ಲಿ ಸ್ವಾಧೀನದ ಸುದ್ದಿಗಳು

೧

ಶಾಸನ, ನಾಣ್ಯ, ಕಡತ, ಪ್ರವಾಸಿಗರ ಬರಹ, ಇವು ಇತಿಹಾಸದ ಆಕರಗಳೆಂದು ನಾವು ಮೊದಲ ವರ್ಷದ ತರಗತಿಯಲ್ಲಿಯೇ ಹೇಳಿಕೊಡುತ್ತೇವೆ. ಜನಶ್ರುತಿಯನ್ನು ಮಾತ್ರ ಪಟ್ಟಿಯ ಕೊನೆಯಲ್ಲಿಟ್ಟು, ಅದನ್ನು ಎಚ್ಚರಿಕೆಯಿಂದ ಬಳಸಬೇಕೆಂದು ಹೇಳಿ ಮುಂದೆ ಸಾಗುತ್ತೇವೆ. ಆ ಎಚ್ಚರಿಕೆ ಎಂತಹುದು, ಅದನ್ನು ವಹಿಸುವ ಬಗೆ ಯಾವುದು ಎಂಬುದನ್ನು ವಿವರಿಸುವುದು ಅಪರೂಪ. ೨೦೨೫ರ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಈ ಪ್ರಶ್ನೆ ತಾನಾಗಿಯೇ ನಮ್ಮ ಎದುರಿಗೆ ಬಂದಿತು. ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ವಿಡಿಯೋ ಆಟದ ಕಂಪನಿ ಮಾರಾಟವಾಗಲಿದೆಯೆಂದು ಹೆಸರು ಹೇಳದ ಮೂಲಗಳನ್ನು ಆಧರಿಸಿದ ಸುದ್ದಿಯೊಂದು ೨೬ನೆಯ ತಾರೀಖು ಶುಕ್ರವಾರ ಪ್ರಕಟವಾಯಿತು. ೨೯ನೆಯ ತಾರೀಖು ಸೋಮವಾರ ಕಂಪನಿಯೇ ಅದನ್ನು ಅಧಿಕೃತವಾಗಿ ಸಾರಿತು. ಬಿ.ಟಿ.ಎಂ. ಬಡಾವಣೆಯಿಂದ ಬರುವ ನಮ್ಮ ವಿದ್ಯಾರ್ಥಿಯೊಬ್ಬನು ಆಗ ಕೇಳಿದ ಪ್ರಶ್ನೆ ಇಷ್ಟೆ: ಸೋಮವಾರದ ಮಾತು ಆಕರವಾದರೆ, ಅದೇ ಮಾತು ಶುಕ್ರವಾರ ಏನಾಗಿತ್ತು?

ಈ ಪ್ರಶ್ನೆಗೆ ಉತ್ತರವನ್ನು ಅರಸುವುದೇ ಪ್ರಕೃತ ಲೇಖನದ ಉದ್ದೇಶ. ವಿಷಯ ಹೊಸದು, ಆದರೆ ವಿಚಾರಣೆಯ ಕ್ರಮ ಹಳೆಯದೇ. ದಕ್ಷಿಣ ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಎಷ್ಟೋ ಮನೆಗಳ ಜೀವನೋಪಾಯ ಇಂದು ಇಂತಹ ಕಂಪನಿಗಳಿಗೆ ಹೊಂದಿಕೊಂಡಿರುವುದರಿಂದ, ಇದು ಕೇವಲ ಪರದೇಶದ ಸಮಾಚಾರವೆಂದು ಬಿಡುವಂತಿಲ್ಲ.

೨

ಮೊದಲು ಸ್ವಾಧೀನವೆಂದರೇನೆಂಬುದನ್ನು ತಿಳಿಯಬೇಕು. ಒಂದು ಕಂಪನಿಯ ಆಡಳಿತವನ್ನು ನಡೆಸಲು ಸಾಕಾಗುವಷ್ಟು ಷೇರುಗಳನ್ನು ಇನ್ನೊಬ್ಬರು ಕೊಂಡುಕೊಂಡರೆ ಅದು ಸ್ವಾಧೀನ. ಆಡಳಿತ ಮಂಡಳಿಯ ಸಮ್ಮತಿಯಿಂದ ಇದು ನಡೆಯಬಹುದು. ಮಂಡಳಿ ವಿರೋಧಿಸುತ್ತಿರುವಾಗಲೂ ಷೇರುದಾರರಿಂದ ನೇರವಾಗಿ ಕೊಳ್ಳುವುದರ ಮೂಲಕ ನಡೆಯಬಹುದು. ಕೊಳ್ಳುವವನು ಸಾಮಾನ್ಯವಾಗಿ ಪೇಟೆಯ ಬೆಲೆಗಿಂತ ಹೆಚ್ಚು ಕೊಡಬೇಕಾಗುವುದರಿಂದ, ವಿಷಯ ಮೊದಲೇ ಕಿವಿಗೆ ಬಿದ್ದವನು ಷೇರನ್ನು ಕೊಂಡಿಟ್ಟುಕೊಳ್ಳಲು ಆತುರಪಡುತ್ತಾನೆ. ಅದರಿಂದ ಬೆಲೆ ಏರುತ್ತದೆ. ಏರಿದ ಬೆಲೆಯನ್ನು ನೋಡಿದವರು, ಸುದ್ದಿ ನಿಜವಿರಬೇಕು, ಇಲ್ಲವಾದರೆ ಬೆಲೆ ಏಕೆ ಏರುತ್ತಿತ್ತು ಎನ್ನುತ್ತಾರೆ. ಹೀಗೆ ವದಂತಿ ತಾನು ಹುಟ್ಟಿಸಿದ ಪರಿಣಾಮವನ್ನೇ ತನಗೆ ಸಾಕ್ಷಿಯನ್ನಾಗಿ ಮಾಡಿಕೊಳ್ಳುತ್ತದೆ. ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆ ಇಲ್ಲಿ ಅಷ್ಟಾಗಿ ಸಲ್ಲದು. ಈ ಪೇಟೆಯಲ್ಲಿ ಹೊಗೆಗೂ ಬೆಲೆಯುಂಟು.

ವಿಡಿಯೋ ಆಟದ ಉದ್ಯಮದಲ್ಲಿ ಇಂತಹ ಸುದ್ದಿಗಳು ವಿಶೇಷವಾಗಿ ಹುಟ್ಟುವುದಕ್ಕೆ ಕಾರಣಗಳುಂಟು. ದೊಡ್ಡ ಆಟವೊಂದನ್ನು ಸಿದ್ಧಪಡಿಸಲು ನೂರಾರು ಜನ ವರ್ಷಗಟ್ಟಲೆ ದುಡಿಯಬೇಕು. ಅದು ಹೊರಬರುವವರೆಗೆ ಅದರಿಂದ ಆದಾಯ ಅತ್ಯಲ್ಪ. ಕಂಪನಿಯ ಬೆಲೆಯೆಂಬುದು ಕಟ್ಟಡದಲ್ಲಿ, ಯಂತ್ರದಲ್ಲಿ ಇರುವುದಲ್ಲ. ಜನಪ್ರಿಯವಾದ ಕೆಲವೇ ಆಟಗಳ ಹಕ್ಕಿನಲ್ಲಿಯೂ ಕೆಲಸಗಾರರ ಕೌಶಲದಲ್ಲಿಯೂ ಇರುವುದು. ಸಿದ್ಧವಾಗುತ್ತಿರುವ ಆಟದ ವಿವರಗಳನ್ನು ಗುಟ್ಟಾಗಿಡುವುದು ಈ ವೃತ್ತಿಯ ಪದ್ಧತಿ. ಹೊರಗಿನವರಿಗೆ ತಿಳಿಯುವುದು ಕಡಿಮೆಯಾದಷ್ಟೂ ಊಹೆಗೆ ಅವಕಾಶ ಹೆಚ್ಚು.

೩

ಮೂರು ನಿದರ್ಶನಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ.

ಮೊದಲನೆಯದು ೨೦೦೮ರದು. ಆ ವರ್ಷದ ಫೆಬ್ರವರಿಯಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ನ್ಯೂಯಾರ್ಕಿನ ಟೇಕ್-ಟು ಕಂಪನಿಯನ್ನು ಷೇರೊಂದಕ್ಕೆ ೨೬ ಡಾಲರಿನಂತೆ, ಒಟ್ಟು ಸುಮಾರು ೨೦೦ ಕೋಟಿ ಡಾಲರಿಗೆ ಕೊಳ್ಳುವುದಾಗಿ ಬಹಿರಂಗಪಡಿಸಿತು. ಅದುವರೆಗೆ ೧೭ ಡಾಲರಿನ ಆಸುಪಾಸಿನಲ್ಲಿದ್ದ ಷೇರು ಆ ಬೆಲೆಯ ಮಟ್ಟಕ್ಕೆ ಏರಿತು. ಟೇಕ್-ಟು ಕಂಪನಿಗೆ ಸೇರಿದ ರಾಕ್‌ಸ್ಟಾರ್ ಸಂಸ್ಥೆಯ ‘ಗ್ರ್ಯಾಂಡ್ ಥೆಫ್ಟ್ ಆಟೋ’ ಮಾಲೆಯ ಹೊಸ ಆಟ ಏಪ್ರಿಲ್ ತಿಂಗಳಲ್ಲಿ ಹೊರಬರಲಿದ್ದಿತು. ಅದಕ್ಕೆ ಮುಂಚೆಯೇ ಅಗ್ಗಕ್ಕೆ ಕೊಳ್ಳುವ ಪ್ರಯತ್ನವಿದು ಎಂಬುದು ಟೇಕ್-ಟು ಮಂಡಳಿಯ ವಾದ. ಕೊನೆಗೆ ಸೆಪ್ಟೆಂಬರಿನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಹಿಂದೆ ಸರಿಯಿತು. ಇಲ್ಲಿ ಸುದ್ದಿ ನಿಜ, ಪತ್ರಗಳೂ ಉಂಟು. ಆದರೂ ಸ್ವಾಧೀನ ಆಗಲಿಲ್ಲ.

ಎರಡನೆಯದು ೨೦೨೨ರದು. ಆ ವರ್ಷದ ಜನವರಿಯಲ್ಲಿ ಮೈಕ್ರೋಸಾಫ್ಟ್ ಕಂಪನಿ ಆಕ್ಟಿವಿಷನ್ ಬ್ಲಿಜಾರ್ಡ್ ಸಂಸ್ಥೆಯನ್ನು ೬,೮೭೦ ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿದ್ದಿತು. ಹಲವು ದೇಶಗಳ ಅಧಿಕಾರಿಗಳ ಪರಿಶೀಲನೆಯನ್ನು ದಾಟಿ ಆ ವ್ಯವಹಾರ ಮುಗಿದುದು ೨೦೨೩ರ ಅಕ್ಟೋಬರಿನಲ್ಲಿ. ಇಂತಹದೊಂದು ನಡೆದರೆ ಇನ್ನೊಂದೂ ನಡೆಯುವುದೆಂಬ ನಿರೀಕ್ಷೆ ಸಹಜ. ಆಗಸ್ಟ್ ೨೬ರಂದು, ಅಮೆಜಾನ್ ಕಂಪನಿ ಎಲೆಕ್ಟ್ರಾನಿಕ್ ಆರ್ಟ್ಸನ್ನು ಕೊಳ್ಳಲಿದೆ ಎಂಬ ವರದಿ ಬಂದಿತು. ಷೇರಿನ ಬೆಲೆ ನೆಗೆಯಿತು. ಅಂತಹ ಯೋಚನೆಯಿಲ್ಲವೆಂಬ ಮತ್ತೊಂದು ವರದಿ ಅದೇ ದಿನ ಬಂದು, ಬೆಲೆ ಇಳಿಯಿತು. ಇಲ್ಲಿ ಸುದ್ದಿ ನಿಲ್ಲಲಿಲ್ಲ. ಆದರೆ ಆ ಕೆಲವು ಗಂಟೆಗಳಲ್ಲಿ ಕೊಂಡವರ ನಷ್ಟ, ಮಾರಿದವರ ಲಾಭ ಎರಡೂ ನಿಜ.

ಮೂರನೆಯದು ನಮ್ಮ ವಿದ್ಯಾರ್ಥಿ ಎತ್ತಿದ ೨೦೨೫ರ ಪ್ರಸಂಗ. ಸೌದಿ ಅರೇಬಿಯದ ಸಾರ್ವಜನಿಕ ಹೂಡಿಕೆ ನಿಧಿ, ಸಿಲ್ವರ್ ಲೇಕ್, ಅಫಿನಿಟಿ ಪಾರ್ಟ್‌ನರ್ಸ್ ಎಂಬ ಮೂವರು ಸೇರಿ ಷೇರೊಂದಕ್ಕೆ ೨೧೦ ಡಾಲರಿನಂತೆ, ಒಟ್ಟು ೫,೫೦೦ ಕೋಟಿ ಡಾಲರಿಗೆ ಕೊಳ್ಳುವ ಒಪ್ಪಂದವನ್ನು ಸಾರಿದರು. ಇಲ್ಲಿ ವದಂತಿ ಮೂರು ದಿನಗಳಲ್ಲಿ ದಾಖಲೆಯಾಯಿತು.

ಒಂದೇ ಕಂಪನಿ ಈ ಮೂರು ಪ್ರಸಂಗಗಳಲ್ಲಿಯೂ ಇದೆ: ಒಮ್ಮೆ ಕೊಳ್ಳಹೊರಟದ್ದಾಗಿ, ಒಮ್ಮೆ ಸುಳ್ಳು ಸುದ್ದಿಯ ವಸ್ತುವಾಗಿ, ಒಮ್ಮೆ ಮಾರಾಟದ ವಸ್ತುವಾಗಿ. ೨೦೨೨ರ ಶುಕ್ರವಾರಕ್ಕೂ ೨೦೨೫ರ ಶುಕ್ರವಾರಕ್ಕೂ ಓದುಗನ ಕಣ್ಣಿಗೆ ಕಾಣುವ ಭೇದ ತೀರ ಕಡಿಮೆ. ಎರಡೂ ದಿನ ಹೆಸರಿಲ್ಲದ ಮೂಲಗಳೇ, ಎರಡೂ ದಿನ ಏರುವ ಬೆಲೆಯೇ. ಆದಕಾರಣ ವದಂತಿಯನ್ನು ನಿಜವೇ ಸುಳ್ಳೇ ಎಂದು ಮಾತ್ರ ಕೇಳುವುದು ಸಾಲದು. ಅದನ್ನು ಮೊದಲು ಹೇಳಿದವರು ವಿಷಯಕ್ಕೆ ಎಷ್ಟು ಹತ್ತಿರದವರು? ಅದರಿಂದ ಲಾಭ ಯಾರಿಗೆ? ಸಂಬಂಧಪಟ್ಟವರು ಬರಹದಲ್ಲಿ ಏನೆಂದು ಉತ್ತರಿಸಿದರು? ಅದು ಸುಳ್ಳಾದರೂ ಏನೇನು ನಡೆಯಿತು? ಈ ನಾಲ್ಕು ಪ್ರಶ್ನೆಗಳನ್ನು ಕೇಳಿದಾಗ ವದಂತಿಯೂ ಆಕರವಾಗುತ್ತದೆ. ಆಗ ಅದು ತಾನು ಹೇಳುವ ಸಂಗತಿಗೆ ಆಕರವಲ್ಲದಿದ್ದರೂ, ಅದನ್ನು ನಂಬಿದವರ ಭಯಕ್ಕೂ ಆಸೆಗೂ ಆಕರ.

೪

ನಾಲ್ಕನೆಯ ಪ್ರಶ್ನೆಯ ತೂಕ ನಮಗೆ ತಿಳಿದುದು ಪುಸ್ತಕದಿಂದಲ್ಲ. ಅದೇ ವಿದ್ಯಾರ್ಥಿಯ ಅಕ್ಕ ಆಟಗಳಿಗೆ ಚಿತ್ರ ರಚಿಸುವ ಸಂಸ್ಥೆಯೊಂದರಲ್ಲಿ ಕೆಲಸದಲ್ಲಿದ್ದಾರೆ; ಸಂಸ್ಥೆಯ ಹೆಸರು ಇಲ್ಲಿ ಬೇಕಿಲ್ಲ. ಅದು ಮಾರಾಟವಾಗುವುದೆಂದು ಕೆಲವು ವರ್ಷಗಳ ಹಿಂದೆ ಮಾತು ಹಬ್ಬಿತು. ಬನಶಂಕರಿ ೬ನೆಯ ಹಂತದಲ್ಲಿ ನಿವೇಶನವೊಂದಕ್ಕೆ ಮುಂಗಡ ಕೊಟ್ಟಿದ್ದ ಆ ಕುಟುಂಬ, ಕೆಲಸ ಉಳಿಯುವುದೋ ಇಲ್ಲವೋ ಎಂಬ ಅಂಜಿಕೆಯಿಂದ ವ್ಯವಹಾರವನ್ನು ಕೈಬಿಟ್ಟಿತು. ಸಂಸ್ಥೆ ಮಾರಾಟವಾಗಲೇ ಇಲ್ಲ. ಮಾತು ಸುಳ್ಳಾಯಿತು, ನಿವೇಶನ ಬೇರೆಯವರದಾಯಿತು. ಯಾವ ಕಡತದಲ್ಲಿಯೂ ಈ ಎರಡರ ಸಂಬಂಧ ದಾಖಲಾಗಿಲ್ಲ.

ವದಂತಿಯ ಈ ಶಕ್ತಿಯನ್ನು ನಮ್ಮ ಕಾನೂನು ಗುರುತಿಸಿದೆ. ಇದಕ್ಕೆ ಹಿನ್ನೆಲೆಯಾಗಿ ಬೆಂಗಳೂರಿನದೇ ಒಂದು ಪ್ರಸಂಗವನ್ನು ನೆನೆಯಬಹುದು. ಅದು ಆಟದ ಕಂಪನಿಯದಲ್ಲ; ಮೈಸೂರು ರಸ್ತೆಯ ಮೈಂಡ್‌ಟ್ರೀ ಎಂಬ ಸಾಫ್ಟ್‌ವೇರ್ ಕಂಪನಿಯದು. ೧೯೯೯ರಲ್ಲಿ ಸ್ಥಾಪಿತವಾದ ಈ ಕಂಪನಿಯಲ್ಲಿ ಕಾಫಿ ಉದ್ಯಮಿ ವಿ.ಜಿ. ಸಿದ್ಧಾರ್ಥ ಅವರಿಗೆ ಶೇಕಡ ೨೦ಕ್ಕೆ ಮಿಗಿಲಾದ ಪಾಲಿದ್ದಿತು. ಆ ಪಾಲು ಲಾರ್ಸನ್ ಅಂಡ್ ಟೂಬ್ರೊ ಕಂಪನಿಯ ಕೈ ಸೇರಲಿದೆಯೆಂಬ ಮಾತು ೨೦೧೯ರ ಆರಂಭದಿಂದಲೇ ಪತ್ರಿಕೆಗಳಲ್ಲಿ ಆಡುತ್ತಿದ್ದಿತು. ಮಾರ್ಚ್ ೧೮ರಂದು ಅದು ನಿಜವಾಯಿತು: ಷೇರಿಗೆ ೯೮೦ ರೂಪಾಯಿಯಂತೆ ಒಪ್ಪಂದವಾಗಿ, ಉಳಿದ ಷೇರುದಾರರಿಂದಲೂ ಶೇಕಡ ೩೧ರಷ್ಟನ್ನು ಕೊಳ್ಳುವ ಬಹಿರಂಗ ಕೊಡುಗೆ ಹೊರಟಿತು. ಸ್ಥಾಪಕರು ಬಹಿರಂಗವಾಗಿಯೇ ವಿರೋಧಿಸಿದರು. ಆದರೆ ಸ್ಥಾಪಕರ ಪಾಲು ಶೇಕಡ ೧೩ರ ಸುಮಾರಿನದು ಮಾತ್ರ. ಜುಲೈ ವೇಳೆಗೆ ಕಂಪನಿ ಕೈಬದಲಾಗಿ, ಅಲ್ಲಿ ಇನ್ನೂ ಅಧಿಕಾರದಲ್ಲಿದ್ದ ಮುಖ್ಯ ಸ್ಥಾಪಕರು ಹೊರನಡೆದರು. ೨೦೨೨ರ ನವೆಂಬರಿನಲ್ಲಿ ಅದು ಮತ್ತೊಂದು ಕಂಪನಿಯೊಡನೆ ವಿಲೀನವಾಗಿ ಎಲ್‌ಟಿಐಮೈಂಡ್‌ಟ್ರೀ ಎನಿಸಿತು.

ಪಟ್ಟಿಯಾದ ಕಂಪನಿಯ ಶೇಕಡ ೨೫ರಷ್ಟು ಷೇರನ್ನು ಮುಟ್ಟಿದವನು ಉಳಿದವರಿಗೂ ಕೊಡುಗೆ ನೀಡಲೇಬೇಕೆಂದು ಸೆಬಿ ಸಂಸ್ಥೆಯ ೨೦೧೧ರ ನಿಯಮಗಳು ವಿಧಿಸುತ್ತವೆ. ವದಂತಿಯ ವಿಷಯದಲ್ಲಿ ಅದಕ್ಕಿಂತ ಹೊಸ ನಿಯಮವೊಂದು ಬಂದಿದೆ. ೨೦೨೪ರ ಜೂನ್ ೧ರಿಂದ ಅತಿ ದೊಡ್ಡ ೧೦೦ ಪಟ್ಟಿಯಾದ ಕಂಪನಿಗಳೂ, ಡಿಸೆಂಬರ್ ೧ರಿಂದ ೨೫೦ ಕಂಪನಿಗಳೂ, ತಮ್ಮ ಬಗೆಗೆ ಮಾಧ್ಯಮಗಳಲ್ಲಿ ಹಬ್ಬಿದ ನಿರ್ದಿಷ್ಟವಾದ ವದಂತಿಯಿಂದ ಷೇರಿನ ಬೆಲೆ ಗಣನೀಯವಾಗಿ ಚಲಿಸಿದರೆ, ೨೪ ಗಂಟೆಗಳೊಳಗೆ ಅದು ಹೌದೆಂದೋ ಅಲ್ಲವೆಂದೋ ತಿಳಿಸಬೇಕು, ಇಲ್ಲವೇ ಸ್ಪಷ್ಟನೆ ಕೊಡಬೇಕು. ನಮ್ಮ ಮೂರನೆಯ ಪ್ರಶ್ನೆಗೆ ಉತ್ತರವನ್ನು ಬರಹದಲ್ಲಿ ಪಡೆಯಲು ಕಾನೂನೇ ಏರ್ಪಾಡು ಮಾಡಿದಂತಾಯಿತು. ಮುಂದಿನ ಇತಿಹಾಸಕಾರನಿಗೆ ಇದು ಸಣ್ಣ ಉಪಕಾರವಲ್ಲ.

೫

ಆದರೆ ಈ ಏರ್ಪಾಡು ಬೆಂಗಳೂರಿನ ಆಟದ ಸಂಸ್ಥೆಗಳನ್ನು ಮುಟ್ಟುವುದು ವಿರಳ. ಇದಕ್ಕೆ ಧ್ರುವ ಇಂಟರಾಕ್ಟಿವ್ ಸಂಸ್ಥೆಯ ಚರಿತ್ರೆಯೇ ನಿದರ್ಶನ. ಭಾರತದ ಮೊದಲ ವಿಡಿಯೋ ಆಟದ ಸಂಸ್ಥೆಯೆಂದು ಹೆಸರಾದ ಇದನ್ನು ರಾಜೇಶ್ ರಾವ್ ಅವರು ೧೯೯೭ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದರು. ಪರದೇಶದ ಕಂಪನಿಗಳ ಆಟಗಳಿಗೆ ಬೇಕಾದ ವಾಹನ, ಕಟ್ಟಡ, ಪಾತ್ರಗಳ ಚಿತ್ರರಚನೆ ಇದರ ಮುಖ್ಯ ಕಸುಬಾಯಿತು; ಮೈಕ್ರೋಸಾಫ್ಟಿನ ‘ಫೋರ್ಜಾ’ ಮಾಲೆಯ ಕಾರಿನ ಆಟಗಳಲ್ಲಿ ಇಲ್ಲಿಯವರ ಕೈಚಳಕವುಂಟು. ೨೦೧೬ರ ಡಿಸೆಂಬರಿನಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕಂಪನಿ ಇದರ ಶೇಕಡ ೯೦.೫ರಷ್ಟನ್ನು ಸುಮಾರು ೮೫ ಲಕ್ಷ ಡಾಲರಿಗೆ ಕೊಳ್ಳುವ ಒಪ್ಪಂದವನ್ನು ಸಾರಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಸ್ಟಾರ್‌ಬ್ರೀಜ್‌ನ ದೊಡ್ಡ ಆಟವೊಂದು ಸೋತು, ಆ ಕಂಪನಿ ೨೦೧೮ರ ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿನ ನ್ಯಾಯಾಲಯದ ಆಶ್ರಯದಲ್ಲಿ ಪುನರ್ವ್ಯವಸ್ಥೆಗೆ ಒಳಗಾಯಿತು. ೨೦೧೯ರ ಮೇ ತಿಂಗಳಲ್ಲಿ ಅದು ಧ್ರುವದಲ್ಲಿದ್ದ ತನ್ನ ಶೇಕಡ ೯೧.೮೨ರ ಪಾಲನ್ನು ಸುಮಾರು ೭೯ ಲಕ್ಷ ಡಾಲರಿಗೆ ರಾಕ್‌ಸ್ಟಾರ್ ಸಂಸ್ಥೆಗೆ ಮಾರಿತು. ಮುನ್ನೂರಕ್ಕೂ ಹೆಚ್ಚು ಮಂದಿ ಕೆಲಸಗಾರರು ಬೆಂಗಳೂರಿನಲ್ಲಿಯೇ ಇದ್ದ ರಾಕ್‌ಸ್ಟಾರ್ ಇಂಡಿಯಾ ಸಂಸ್ಥೆಯೊಡನೆ ಸೇರಿದರು.

ಇಲ್ಲಿ ಗಮನಿಸಬೇಕಾದುದೇನು? ಧ್ರುವ ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿಯಲ್ಲ. ಆದ್ದರಿಂದ ಏರಲು ಇಳಿಯಲು ಬೆಲೆಯಿಲ್ಲ. ೨೪ ಗಂಟೆಗಳೊಳಗೆ ಉತ್ತರ ಕೊಡೆಂದು ಕೇಳುವ ಅಧಿಕಾರವೂ ಇಲ್ಲಿಲ್ಲ. ಮೂರು ವರ್ಷಗಳೊಳಗೆ ಎರಡು ಸಲ ಒಡೆತನ ಬದಲಾದ ವಿಷಯವನ್ನು ಅರಿಯಬೇಕಾದವನು ಸ್ಟಾಕ್‌ಹೋಮಿನ ಪ್ರಕಟಣೆಗಳನ್ನು ಓದಬೇಕು. ೨೦೦೮ರಲ್ಲಿ ಸ್ವಾಧೀನದಿಂದ ತಪ್ಪಿಸಿಕೊಂಡ ಅದೇ ಟೇಕ್-ಟು ಕಂಪನಿಯೇ ರಾಕ್‌ಸ್ಟಾರ್ ಮೂಲಕ ಧ್ರುವಕ್ಕೆ ಒಡೆಯನಾಯಿತು. ಅದೇ ಕಂಪನಿ ೨೦೨೨ರ ಮೇ ತಿಂಗಳಲ್ಲಿ ಜಿಂಗಾ ಕಂಪನಿಯನ್ನೂ ಕೊಂಡಿತು. ೨೦೧೦ರಲ್ಲಿ ಬೆಂಗಳೂರಿನಲ್ಲಿ ಕಚೇರಿ ತೆರೆದಿದ್ದ ಕಂಪನಿ ಅದು. ನ್ಯೂಯಾರ್ಕಿನ ಪೇಟೆಯಲ್ಲಿ ಇನ್ನು ಮುಂದೆ ಹುಟ್ಟುವ ಒಂದೊಂದು ಮಾತೂ ಈ ಊರಿನ ಮನೆಗಳನ್ನು ಮುಟ್ಟುತ್ತದೆ. ಅಲ್ಲಿ ಅದು ಬೆಲೆಯ ಅಂಕಿಯಾಗಿ ಉಳಿಯುತ್ತದೆ. ಇಲ್ಲಿ ಊಟದ ಹೊತ್ತಿನ ಮಾತಾಗಿ ಕರಗಿಹೋಗುತ್ತದೆ.

ಕರಗಿಹೋಗದೆ ಉಳಿದ ಮಾತೊಂದನ್ನು ಹೋಲಿಕೆಗಾಗಿ ಹೇಳಬಹುದು. ೧೯೮೩ರಲ್ಲಿ ಬೆಂಗಳೂರಿಗೆ ಬಂದ ಇನ್ಫೋಸಿಸ್ ಕಂಪನಿಯನ್ನು ಹತ್ತು ಲಕ್ಷ ಡಾಲರಿಗೆ ಕೊಳ್ಳುವವರು ೧೯೯೦ರಲ್ಲಿ ಒದಗಿದ್ದರೆಂದೂ, ಮಾರುವುದಾದರೆ ಉಳಿದ ಪಾಲುಗಾರರ ಪಾಲನ್ನು ತಾವೇ ಕೊಳ್ಳುವುದಾಗಿ ಎನ್.ಆರ್. ನಾರಾಯಣಮೂರ್ತಿ ಅವರು ಹೇಳಿದಾಗ ಆ ಯೋಚನೆ ಬಿದ್ದುಹೋಯಿತೆಂದೂ ನಮಗೆ ತಿಳಿದಿದೆ. ಇದು ತಿಳಿದುದು, ಆ ಸಭೆಯಲ್ಲಿದ್ದ ಮೂರ್ತಿಯವರು ಮುಂದೆ ಅದನ್ನು ಬಹಿರಂಗ ಭಾಷಣದಲ್ಲಿ ಹೇಳಿದುದರಿಂದ. ಕಂಪನಿ ಬೆಳೆದು ಹೆಸರಾಯಿತು. ಆದುದರಿಂದ ಅದರ ನೆನಪಿಗೆ ಕೇಳುಗರು ದೊರೆತರು. ಬೇರೊಂದರಲ್ಲಿ ಸೇರಿಹೋದ ಸಂಸ್ಥೆಯ ನೆನಪನ್ನು ಕೇಳುವವರು ಯಾರು?

ಈ ಕೆಲಸ ನಮ್ಮ ವಿಭಾಗಗಳದೆಂದು ನಾವು ಭಾವಿಸುತ್ತೇವೆ. ಒಡೆತನ ಬದಲಾದಾಗ ಮೊದಲು ಅಳಿಯುವುದು ಹೆಸರು, ಅನಂತರ ಕಾಗದಪತ್ರ, ಕೊನೆಗೆ ನೆನಪು. ಹೆಸರನ್ನು ಉಳಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ನೇಮಕದ ಪತ್ರ, ಹಳೆಯ ಗುರುತುಚೀಟಿ, ಆಟದ ಕೊನೆಯಲ್ಲಿ ಬರುವ ಕೆಲಸಗಾರರ ಹೆಸರಿನ ಪಟ್ಟಿ ಇವನ್ನು ಕೂಡಿಡಬಹುದು. ಕೆಲಸ ಮಾಡಿದವರನ್ನು ಕಂಡು ಅವರ ಮಾತನ್ನು ತಾರೀಖಿನೊಡನೆ ಬರೆದಿಡಬಹುದು. ಯಾವ ವದಂತಿಯನ್ನು ಯಾವ ದಿನ ಕೇಳಿದಿರಿ, ಯಾರಿಂದ ಕೇಳಿದಿರಿ, ಕೇಳಿದ ಮೇಲೆ ಏನು ಮಾಡಿದಿರಿ ಎಂದು ವಿಚಾರಿಸಲು ವಿದ್ಯಾರ್ಥಿಗೆ ದೊಡ್ಡ ಸಲಕರಣೆಗಳೇನೂ ಬೇಡ. ಜಯನಗರದಿಂದ ಜೆ.ಪಿ. ನಗರಕ್ಕೆ ನಡೆದು ಹೋಗಿಬರುವಷ್ಟು ವ್ಯವಧಾನ ಸಾಕು.

ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಈಗ ಉತ್ತರ ಕೊಡಬಹುದು. ಶುಕ್ರವಾರದ ಆ ಮಾತು, ಕಂಪನಿ ಮಾರಾಟವಾಗುವುದೆಂಬುದಕ್ಕೆ ಇನ್ನೂ ಪ್ರಮಾಣವಾಗಿರಲಿಲ್ಲ. ಆ ದಿನ ಜನರು ಏನನ್ನು ನಂಬಿದರು, ಏನನ್ನು ಮಾಡಿದರು ಎಂಬುದಕ್ಕೆ ಆಗಲೇ ಪ್ರಮಾಣವಾಗಿದ್ದಿತು. ಸೋಮವಾರದ ಪ್ರಕಟಣೆಯನ್ನು ಕಾಪಾಡಲು ಕಂಪನಿಗಳೂ ಸರಕಾರಗಳೂ ಇವೆ. ಶುಕ್ರವಾರದ ಸಂಗತಿಯನ್ನು ಕಾಪಾಡಬೇಕಾದವರು ನಾವು.