9 ಷೇರು ಇದ್ದರೂ ದಾವೆ ಹೂಡಬಹುದೇ?

ಪ್ರಶ್ನೆ: ಬರೀ 9 ಷೇರು ಇದ್ದವರೊಬ್ಬರು ಟೆಸ್ಲಾದ ಇಲಾನ್ ಮಸ್ಕ್ ವಿರುದ್ಧ ಕೇಸು ಹಾಕಿದ್ದು ಹೇಗೆ? ನಮ್ಮಲ್ಲೂ ಅದು ಸಾಧ್ಯವೇ?

ಉತ್ತರ: ಟೆಸ್ಲಾ ಆಗ ನೋಂದಣಿಯಾಗಿದ್ದ ಅಮೆರಿಕದ ಡೆಲವೇರ್ ರಾಜ್ಯದ ಕಾನೂನಿನಲ್ಲಿ ಒಂದೇ ಷೇರಿದ್ದರೂ ಕಂಪನಿಯ ಪರವಾಗಿ ನಿರ್ದೇಶಕರ ಮೇಲೆ ದಾವೆ ಹೂಡಬಹುದು. 2018ರಲ್ಲಿ ಮಸ್ಕ್‌ಗೆ ಗೊತ್ತುಪಡಿಸಿದ ಸಂಭಾವನೆಯ ವಿರುದ್ಧ ಆ ಕೇಸು ಇತ್ತು; ಆ ಸಂಭಾವನೆಯ ಗರಿಷ್ಠ ಮೌಲ್ಯ ಸುಮಾರು 5,580 ಕೋಟಿ ಡಾಲರ್. ಅದನ್ನು ಒಪ್ಪಿದ ನಿರ್ದೇಶಕರು ಮಸ್ಕ್‌ಗೆ ತೀರಾ ಹತ್ತಿರದವರು, ಮತ ಹಾಕಿದ ಷೇರುದಾರರಿಗೆ ಪೂರ್ಣ ಮಾಹಿತಿ ಸಿಕ್ಕಿರಲಿಲ್ಲ ಎಂದು ಕೆಳ ನ್ಯಾಯಾಲಯ 2024ರ ಜನವರಿಯಲ್ಲಿ ಅದನ್ನು ರದ್ದುಮಾಡಿತು. 2025ರ ಡಿಸೆಂಬರ್‌ನಲ್ಲಿ ಡೆಲವೇರ್ ಸುಪ್ರೀಂ ಕೋರ್ಟ್, ಪೂರ್ತಿ ರದ್ದತಿ ಸರಿಯಾದ ಪರಿಹಾರವಲ್ಲವೆಂದು ಸಂಭಾವನೆಯನ್ನು ಮರಳಿ ಕೊಟ್ಟಿತು. ದಾವೆ ಹೂಡಿದವರಿಗೆ ಸಿಕ್ಕಿದ್ದು ನಾಮಮಾತ್ರದ ಪರಿಹಾರ, 1 ಡಾಲರ್. ಅದೇ ವರ್ಷದ ಮಾರ್ಚ್‌ನಲ್ಲಿ ಡೆಲವೇರ್ ಕಂಪನಿ ಕಾಯ್ದೆಯನ್ನೇ ತಿದ್ದಿ, ಷೇರುದಾರರು ಕೇಳಬಹುದಾದ ದಾಖಲೆಗಳ ವ್ಯಾಪ್ತಿಯನ್ನು ಕಿರಿದಾಗಿಸಿತ್ತು.

ನಮ್ಮ 2013ರ ಕಂಪನಿ ಕಾಯ್ದೆಯ 245ನೇ ಸೆಕ್ಷನ್ನಿನಲ್ಲಿ ಸಾಮೂಹಿಕ ದಾವೆಗೆ ಅವಕಾಶವಿದೆ. ಆದರೆ ಕೆಲವೇ ಷೇರು ಇರುವವರು ಒಬ್ಬರೇ ಹೋದರೆ ಸಾಲದು: 100 ಸದಸ್ಯರು ಅಥವಾ ಒಟ್ಟು ಸದಸ್ಯರಲ್ಲಿ ಶೇ 5ರಷ್ಟು, ಇವೆರಡರಲ್ಲಿ ಕಡಿಮೆ ಯಾವುದೋ ಅಷ್ಟು ಜನ ಸೇರಬೇಕು. ಇಲ್ಲವೇ ಲಿಸ್ಟೆಡ್ ಕಂಪನಿಯಲ್ಲಿ ಶೇ 2ರಷ್ಟು ಷೇರು ಬಂಡವಾಳ ಇರಬೇಕು. ಅರ್ಜಿ ಸಲ್ಲಿಸಬೇಕಾದದ್ದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ. ಸಣ್ಣ ಷೇರುದಾರರಿಗೆ ಒಗ್ಗಟ್ಟೇ ಬಲ. ವಾರ್ಷಿಕ ವರದಿ ಓದಿ, ತಪ್ಪದೆ ಮತ ಹಾಕಿ.